ಆ 20 ನಿಮಿಷ ಡಾಕ್ಟರು ಸುಮ್ನೆ ಕೂತಿದ್ದು ಯಾಕೆ?

ಪ್ರಶ್ನೆ: ನಾವು ಹಾವೇರಿ ತಾಲ್ಲೂಕಿನವರು. 12 ದಿನದ ಹಿಂದೆ ಸಂಜೆ ಹೊತ್ತು ಅಪ್ಪ ಗೋವಿನಜೋಳದ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕಾಲಿಗೆ ಕೊಳಕುಮಂಡಲ ಕಚ್ಚಿತು. ಮೊಣಕಾಲ ಕೆಳಗೆ ಹಗ್ಗ ಬಿಗಿದು, ಪಕ್ಕದ ಊರಲ್ಲಿ ಬೇರು ಕೊಡುವವರ ಹತ್ತಿರ ತೋರಿಸಿ, ದವಾಖಾನೆ ಮುಟ್ಟುವಷ್ಟರಲ್ಲಿ ಎರಡೂವರೆ ತಾಸು ಆಗಿತ್ತು. ಅಲ್ಲಿ ಡಾಕ್ಟರು ರಕ್ತ ತೆಗೆದು ಗಾಜಿನ ಕೊಳವೆಯಲ್ಲಿಟ್ಟು 20 ನಿಮಿಷ ಸುಮ್ನೆ ಕೂತರು. ಇಂಜೆಕ್ಷನ್ ಕೊಡಲಿಲ್ಲ. ನಾವು ಜಗಳಾಡಿದೆವು. ಆಮೇಲೆ 10 ಬಾಟಲಿ ಕೊಟ್ಟರು, ಆರು ತಾಸು ಬಿಟ್ಟು ಮತ್ತೆ 10. ಮರುದಿನ ಮೂತ್ರ ಕಮ್ಮಿಯಾಗಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ 4 ಸಲ ಡಯಾಲಿಸಿಸ್ ಆಯಿತು. ಈಗ ಮನೆಗೆ ಬಂದಿದ್ದಾರೆ. ಆ 20 ನಿಮಿಷದಿಂದಲೇ ಕಿಡ್ನಿ ಕೆಟ್ಟಿತಾ? ಔಷಧ ನಕಲಿ ಇತ್ತಾ, ಅದಕ್ಕೇ ಎರಡು ಸಲ ಬೇಕಾಯಿತಾ? ಚೇಳು ಕಡಿದರೂ ಇದೇ ಇಂಜೆಕ್ಷನ್ನಾ? ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಇನ್ನೊಂದು, ಎರಡು ದಿನದಿಂದ ಅಪ್ಪನಿಗೆ ಮೈ ಕೆರೆತ, ಕೀಲು ನೋವು, ಸಣ್ಣ ಜ್ವರ. ವಿಷ ಮತ್ತೆ ಏರಿದೆ ಅಂತ ಊರವರು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಅದಕ್ಕೆ ಇವತ್ತೇ ಏನಾದರೂ ಮಾಡಬೇಕು.

ಅಪ್ಪನಿಗೆ ವಿಷ ಮತ್ತೆ ಏರಿಲ್ಲ. ಚಿಕಿತ್ಸೆ ಮುಗಿದು ಮನೆಗೆ ಬಂದವರ ಮೈಯಲ್ಲಿ ವಿಷ ಅಡಗಿ ಕೂತು, 12 ದಿನ ಆದಮೇಲೆ ಎದ್ದು ಬರುವುದಿಲ್ಲ. ನೀವು ಬರೆದದ್ದನ್ನು ನೋಡಿದರೆ ಇದು ಬಹುತೇಕ ಔಷಧದಿಂದ ಆಗಿರುವುದು. ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್ಮನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ವಿಷ ಹಿಡಿಯುವ ಶಕ್ತಿ ಬಂದಮೇಲೆ ಆ ಭಾಗವನ್ನು ಬೇರ್ಪಡಿಸಿ, ಶುದ್ಧ ಮಾಡಿ ನಮಗೆ ಕೊಡುತ್ತಾರೆ. ನಮ್ಮ ಮೈಗೆ ಅದು ಹೊರಗಿನವರ ಪ್ರೋಟೀನು. ವಾರವೋ ಎರಡು ವಾರವೋ ಕಳೆದಮೇಲೆ ಮೈ ಅದರ ಮೇಲೆ ತಿರುಗಿಬೀಳುತ್ತದೆ. ಆಗ ಜ್ವರ, ಕೆರೆತ, ದದ್ದು, ಕೀಲು ನೋವು ಬರುತ್ತವೆ. ಸೀರಮ್ ಸಿಕ್‌ನೆಸ್ ಅನ್ನುತ್ತೇವೆ. 20 ಬಾಟಲಿ ಹೋದವರಲ್ಲಿ ಇದು ಆಶ್ಚರ್ಯ ಅಲ್ಲ. ಅಲರ್ಜಿ ಮಾತ್ರೆಯಲ್ಲಿ ಕಮ್ಮಿಯಾಗುತ್ತದೆ, ಜಾಸ್ತಿ ಇದ್ದರೆ ಡಾಕ್ಟರು ಕೆಲವು ದಿನ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ.

ಆದರೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಕೀಲು ನೋವು ಅಂತ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಯಾವುದೂ ಬೇಡ. ಆ ಇಂಜೆಕ್ಷನ್ನೂ ಬೇಡ. ಅಪ್ಪನ ಕಿಡ್ನಿ ಈಗಷ್ಟೇ ಚೇತರಿಸಿಕೊಳ್ಳುತ್ತಿದೆ, ಈ ಮಾತ್ರೆಗಳು ಅದನ್ನು ಮತ್ತೆ ಕೆಳಗೆ ಕೆಡವುತ್ತವೆ. ಡಯಾಲಿಸಿಸ್ ಮುಗಿಸಿ ನಗುನಗುತ್ತಾ ಮನೆಗೆ ಹೋದ ಒಬ್ಬರು ಹತ್ತೇ ದಿನದಲ್ಲಿ ಮುಖ ಊದಿಸಿಕೊಂಡು ವಾಪಸ್ ಬಂದಿದ್ದನ್ನು ನಾನು ನೋಡಿದ್ದೇನೆ. ಜೇಬಲ್ಲಿ ಇದೇ ಮಾತ್ರೆಯ ಪಟ್ಟಿ ಇತ್ತು, ಅರ್ಧ ಖಾಲಿ. ತೋರಿಸುವವರೆಗೆ ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ ಮಾತ್ರ. ಇವತ್ತೇ ಕರೆದುಕೊಂಡು ಹೋಗಿ, ಡಿಸ್ಚಾರ್ಜ್ ಕಾಗದ ಜೊತೆಗಿರಲಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತದ ಕ್ರಿಯೇಟಿನಿನ್ ಪರೀಕ್ಷೆಯನ್ನೂ ಮಾಡಿಸಿ.

ಈಗ ಆ 20 ನಿಮಿಷದ ವಿಷಯ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ತಂದೆಯ ಕಾಲು ಕಣ್ಣೆದುರೇ ಊದುತ್ತಿದೆ, ಡಾಕ್ಟರು ಗಡಿಯಾರ ನೋಡುತ್ತಾ ಕೂತಿದ್ದಾರೆ. ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ನಡೆಯುತ್ತಿದ್ದ ಮುಖ್ಯವಾದ ಕೆಲಸ ಅಂದರೆ ಅದೇ ಗಾಜಿನ ಕೊಳವೆ.

ಮಂಡಲದ ವಿಷ ರಕ್ತ ನೀರು ಮಾಡುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಕೊನೆಗೆ ಕಾಣುವುದು ಹಾಗೇ. ಆದರೆ ಶುರುವಿನಲ್ಲಿ ಅದು ಮಾಡುವುದು ಉಲ್ಟಾ ಕೆಲಸ. ಗಾಯ ಆದಾಗ ಮಾತ್ರ ಹೆಪ್ಪುಗಟ್ಟಬೇಕಾದ ರಕ್ತವನ್ನು ಮೈತುಂಬ ಸಣ್ಣದಾಗಿ ಹೆಪ್ಪುಗಟ್ಟಿಸಲು ಹಚ್ಚುತ್ತದೆ. ಹೆಪ್ಪಿಗೆ ಬೇಕಾದ ಸಾಮಾನೆಲ್ಲಾ ಅದರಲ್ಲೇ ಖರ್ಚು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಉಗ್ರಾಣ ಬರಿದಾದ ಹಾಗೆ. ಆಮೇಲೆ ನಿಜವಾಗಿ ಬೇಕಾದಾಗ ಏನೂ ಉಳಿದಿರುವುದಿಲ್ಲ. ಸೂಜಿ ಚುಚ್ಚಿದ ಜಾಗ ಒಸರುತ್ತದೆ, ಒಸಡಿನಿಂದ, ಮೂತ್ರದಲ್ಲಿ ರಕ್ತ ಬರುತ್ತದೆ, ಕೆಲವರಿಗೆ ಮಿದುಳಿನಲ್ಲೂ ರಕ್ತಸ್ರಾವ ಆಗುತ್ತದೆ.

ಉಗ್ರಾಣ ಬರಿದಾಗಿದೆಯಾ ಇಲ್ಲವಾ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಡ. 2 ಮಿಲಿ ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಒಂದೇ ಸಲ ನಿಧಾನವಾಗಿ ಬಗ್ಗಿಸಿ ನೋಡಬೇಕು. ಒಳ್ಳೆಯ ರಕ್ತ ಆಗಿದ್ದರೆ ಮೊಸರು ಹೆಪ್ಪಾದ ಹಾಗೆ ತಳದಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ವಿಷ ಏರಿದ್ದರೆ ನೀರಿನ ಹಾಗೆ ಹರಿದು ಬರುತ್ತದೆ. ನಿಮ್ಮ ತಂದೆಯ ರಕ್ತ ಹರಿದಿರಬೇಕು, ಅದಕ್ಕೇ 10 ಬಾಟಲಿ ಶುರು ಮಾಡಿದರು.

ನೋಡದೆ ಕೊಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕಚ್ಚಿದ ಹಾವೆಲ್ಲಾ ವಿಷದ್ದಲ್ಲ. ವಿಷದ ಹಾವೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಬರೀ ಹಲ್ಲು ಊರಿ ಬಿಟ್ಟುಹೋಗಿರುತ್ತದೆ, ಅದಕ್ಕೆ ನಾವು ಒಣ ಕಡಿತ ಅನ್ನುತ್ತೇವೆ. ಅಂಥವರಿಗೆ ಆಂಟಿವೆನಮ್ ಕೊಟ್ಟರೆ ಲಾಭ ಸೊನ್ನೆ, ಅಪಾಯ ಮಾತ್ರ ಉಳಿಯುತ್ತದೆ. ಕುದುರೆಯ ಪ್ರೋಟೀನು ಸೇರಿದ ಹತ್ತೇ ನಿಮಿಷದಲ್ಲಿ ಕೆಲವರಿಗೆ ಮೈಯೆಲ್ಲಾ ದದ್ದು ಎದ್ದು, ಗಂಟಲು ಬಿಗಿದು, ಬಿಪಿ ಪೂರ್ತಿ ಕೆಳಗಿಳಿಯುತ್ತದೆ. ಆಗ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ತಕ್ಷಣ. ಅದು ಸಿರಿಂಜಿನಲ್ಲಿ ಮೊದಲೇ ತುಂಬಿ ಹಾಸಿಗೆ ಪಕ್ಕ ಇರಬೇಕು. ಹಾಗಂತ ಎಲ್ಲರಿಗೂ 20 ನಿಮಿಷ ಕಾಯುವುದಿಲ್ಲ. ಬಾಯಿಂದ ರಕ್ತ ಬರುತ್ತಿದ್ದರೆ, ರೆಪ್ಪೆ ಜೋಲುತ್ತಿದ್ದರೆ, ಬಾವು ಸರಸರ ಮೇಲೇರುತ್ತಿದ್ದರೆ ಕೊಳವೆ ಒಂದು ಕಡೆ ಇರುತ್ತದೆ, ಔಷಧ ಇನ್ನೊಂದು ಕಡೆ ಶುರುವಾಗುತ್ತದೆ.

ಈ ಕೊಳವೆಯ ಬಗ್ಗೆ ನಾನು ಇಷ್ಟು ಬರೆಯುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ಗಾಜಿನ ಕೊಳವೆಗಳನ್ನು ಸೋಪಿನ ಪುಡಿ ಹಾಕಿ ತೊಳೆದು ಮತ್ತೆ ಬಳಸುತ್ತಿದ್ದರು. ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಒಬ್ಬ ಹುಡುಗನ ರಕ್ತ 20 ನಿಮಿಷ ಆದರೂ ಹೆಪ್ಪಾಗಲಿಲ್ಲ. ಕಾಲಲ್ಲಿ ಬಾವು ಇಲ್ಲ, ನೋವು ಇಲ್ಲ, ಆದರೂ ಕೊಳವೆಯನ್ನು ನಂಬಿ ಔಷಧ ಶುರು ಮಾಡಿದೆ. ಐದು ನಿಮಿಷಕ್ಕೆ ಅವನು ಎದೆ ಹಿಡಿದುಕೊಂಡು ಎದ್ದು ಕೂತ, ತುಟಿ ಊದಿತ್ತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡೆವು. ಆಮೇಲೆ ಹೊಸ ಕೊಳವೆಯಲ್ಲಿ ನೋಡಿದರೆ ರಕ್ತ ಕಲ್ಲಿನ ಹಾಗೆ ಗಟ್ಟಿ. ಸೋಪು ಒಳಗೆ ಅಂಟಿಕೊಂಡಿದ್ದರೆ ಒಳ್ಳೆಯ ರಕ್ತವೂ ಹೆಪ್ಪಾಗುವುದಿಲ್ಲ. ಪ್ಲಾಸ್ಟಿಕ್ ಕೊಳವೆಯೂ ಆಗುವುದಿಲ್ಲ, ಗಾಜೇ ಬೇಕು. ಅವತ್ತಿನಿಂದ ಎಲ್ಲೇ ಕೆಲಸ ಮಾಡಲಿ, ಹಾವಿನ ಕೇಸಿಗೆ ಅಂತಲೇ ಹೊಸ ಗಾಜಿನ ಕೊಳವೆಗಳ ಒಂದು ಡಬ್ಬಿ ಬೇರೆಯೇ ಇಟ್ಟಿರುತ್ತೇನೆ.

ಇನ್ನು ನೀವು ನೋಡಿರಬಹುದಾದ ಇನ್ನೊಂದು ತಡ. ಆಂಟಿವೆನಮ್ ನಮಗೆ ಹೆಚ್ಚಾಗಿ ಬರುವುದು ಬಿಳಿ ಪುಡಿಯಾಗಿ. ಒಂದೊಂದು ಬಾಟಲಿಗೂ 10 ಮಿಲಿ ನೀರು ಹಾಕಿ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ, ಔಷಧ ಹಾಳು. ಹಾಗಾಗಿ ಸಿಸ್ಟರು ಎರಡು ಅಂಗೈ ನಡುವೆ ಬಾಟಲಿ ಇಟ್ಟು, ಬತ್ತಿ ಹೊಸೆಯುವ ಹಾಗೆ ಮೆಲ್ಲಗೆ ಹೊರಳಿಸುತ್ತಾ ಕೂರುತ್ತಾರೆ. ಹತ್ತು ಬಾಟಲಿಗೆ ಹತ್ತು ಸಲ. ನೋಡುವವರಿಗೆ ಆಟ ಆಡುತ್ತಿದ್ದಾರೆ ಅನ್ನಿಸುತ್ತದೆ. ಅಂಥ ಹೊತ್ತಿನಲ್ಲಿ ಸಿಸ್ಟರ ಮೇಲೆ ಕೂಗಾಡಿದರೆ ಅವರ ಕೈ ನಡುಗುತ್ತದೆ, ಅಷ್ಟೇ.

ಎರಡು ಸಲ ಯಾಕೆ ಬೇಕಾಯಿತು ಅಂದರೆ, ಔಷಧ ವಿಷವನ್ನು ಹಿಡಿಯುತ್ತದೆ, ಆದರೆ ಬರಿದಾದ ಉಗ್ರಾಣವನ್ನು ಅದು ತುಂಬುವುದಿಲ್ಲ. ತುಂಬುವುದು ಲಿವರ್‌ನ ಕೆಲಸ, ಅದಕ್ಕೆ ಸುಮಾರು ಆರು ತಾಸು ಬೇಕು. ಅದಕ್ಕೇ ಆರು ತಾಸಿಗೆ ಮತ್ತೆ ಅದೇ ಕೊಳವೆ. ಆಗಲೂ ರಕ್ತ ಹರಿದರೆ ಒಳಗೆ ಇನ್ನೂ ವಿಷ ಉಳಿದಿದೆ ಅಂತ ಅರ್ಥ. ಮತ್ತೆ ಔಷಧ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ ಅಂತ ಲೆಕ್ಕ. ನಮ್ಮ ಔಷಧದ ಒಂದು ಮಿಲಿ ಅದರ 0.6 ಮಿಲಿಗ್ರಾಂ ಹಿಡಿಯುತ್ತದೆ, ಅಂದರೆ ಒಂದು ಬಾಟಲಿಗೆ 6 ಮಿಲಿಗ್ರಾಂ. ಮೊದಲ ಡೋಸು 8ರಿಂದ 10 ಬಾಟಲಿ ಅಂತ ಬಂದಿದ್ದು ಹೀಗೆ. ನಿಮ್ಮ ಅಪ್ಪನಿಗೆ ಕಚ್ಚಿದ ಹಾವು ಸರಾಸರಿಗಿಂತ ಜಾಸ್ತಿ ಇಳಿಸಿರಬಹುದು. ಮಕ್ಕಳಿಗೂ ಇದೇ ಲೆಕ್ಕ, ಇದನ್ನು ನೆನಪಿಡಿ. ಮಗು ಸಣ್ಣದು ಅಂತ ಹಾವು ಕಮ್ಮಿ ವಿಷ ಇಳಿಸುವುದಿಲ್ಲ, ಹಾಗಾಗಿ ಡೋಸೂ ಕಮ್ಮಿ ಮಾಡುವುದಿಲ್ಲ.

ನಕಲಿ ಅನ್ನುವ ಅನುಮಾನ ಬಿಟ್ಟುಬಿಡಿ. ಆದರೆ ಆ ಅನುಮಾನದ ಹಿಂದೆ ಒಂದು ನಿಜವಾದ ಮಾತು ಇದೆ, ಅದನ್ನೂ ಹೇಳಬೇಕು. ನಮ್ಮ ದೇಶದ ಔಷಧ ನಾಲ್ಕು ಹಾವುಗಳಿಗೆ ಒಟ್ಟಿಗೆ ಕೆಲಸ ಮಾಡುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದದ್ದು. ಆ ಜನರ ಕೈಚಳಕದಿಂದ ಎಷ್ಟೋ ಜೀವ ಉಳಿದಿದೆ. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬೇರೆ ಇರುತ್ತದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಇದರ ಮೇಲೆ ಚೆನ್ನಾಗಿ ಕೆಲಸ ನಡೆದಿದೆ. ಅಲ್ಲಿಯ ಹಾವಿಗೆ ಮಾಡಿದ ಔಷಧ ಇನ್ನೊಂದು ಕಡೆಯ ಹಾವಿಗೆ ಅಷ್ಟೇ ಚುರುಕಾಗಿ ಕೆಲಸ ಮಾಡದೇ ಇರಬಹುದು. ನಮ್ಮ ನಮ್ಮ ಭಾಗಕ್ಕೆ ಹೊಂದುವ ಔಷಧ ಬರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯವರೆಗೆ ಇರುವುದು ಇದೇ, ಮತ್ತು ಇದು ಜೀವ ಉಳಿಸುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಕಿಡ್ನಿ ಯಾಕೆ ಕೆಟ್ಟಿತು? ಕೊಳಕುಮಂಡಲದ ವಿಷ ನೇರವಾಗಿ ಕಿಡ್ನಿಗೂ ಹೊಡೆಯುತ್ತದೆ. ಸಣ್ಣ ಹೆಪ್ಪುಗಳು ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಬಿಪಿ ಇಳಿದರೆ ಅದಕ್ಕೆ ರಕ್ತವೂ ಸಾಲುವುದಿಲ್ಲ. ಒಮ್ಮೆ ಪೆಟ್ಟು ಬಿದ್ದಮೇಲೆ ಆಂಟಿವೆನಮ್ ಅದನ್ನು ವಾಪಸ್ ಸರಿ ಮಾಡುವುದಿಲ್ಲ. ರಕ್ತದಲ್ಲಿ ತಿರುಗುತ್ತಿರುವ ವಿಷವನ್ನಷ್ಟೇ ಅದು ಹಿಡಿಯಬಲ್ಲದು. ಆದ್ದರಿಂದ ಪೆಟ್ಟು ಬೀಳುವ ಮೊದಲೇ ಅದು ಒಳಗಿರಬೇಕು. ಈಗ ಲೆಕ್ಕ ನೀವೇ ಹಾಕಿ. ಆ 20 ನಿಮಿಷ ಒಂದು ಕಡೆ, ಅದಕ್ಕೂ ಮುಂಚಿನ ಎರಡೂವರೆ ತಾಸು ಇನ್ನೊಂದು ಕಡೆ. ಬೈಯುವುದಕ್ಕೆ ಹೇಳುತ್ತಿಲ್ಲ. ಬೇಗ ಬಂದಿದ್ದರೆ ಕಿಡ್ನಿಗೆ ಏನೂ ಆಗುತ್ತಿರಲಿಲ್ಲ ಅಂತ ಆಣೆ ಮಾಡಿ ಹೇಳಲೂ ಆಗುವುದಿಲ್ಲ, ಒಂದೇ ತಾಸಿನಲ್ಲಿ ಬಂದವರಿಗೂ ಡಯಾಲಿಸಿಸ್ ಬೇಕಾಗಿದೆ. ಆದರೆ ನಮ್ಮ ಕೈಯಲ್ಲಿದ್ದ ಸಮಯ ಯಾವುದು ಅಂತ ಕೇಳಿದರೆ ಆ ಎರಡೂವರೆ ತಾಸೇ.

ಬೇರು ಕೊಡುವವರ ಮೇಲೆ ನನಗೆ ದ್ವೇಷ ಇಲ್ಲ. ಮಧ್ಯರಾತ್ರಿ ಬಾಗಿಲು ಬಡಿದರೂ ಎದ್ದು ಬರುವವರು ಅವರು. ಎಷ್ಟೋ ಜನ ಒಂದು ರೂಪಾಯಿ ಮುಟ್ಟುವುದಿಲ್ಲ. ಕಪ್ಪತಗುಡ್ಡದ ಗಿಡಮೂಲಿಕೆಗಳ ಬಗ್ಗೆ ನನಗೂ ಗೌರವ ಇದೆ. ಆದರೆ ಅವರಲ್ಲಿಗೆ ಹೋಗಿ ಉಳಿದವರು ಅಂದರೆ ಕೆರೆಹಾವು ಕಚ್ಚಿದವರು, ಒಣ ಕಡಿತ ಆದವರು. ಅವರು ಏನೂ ಕೊಡದೆ ಇದ್ದರೂ ಉಳಿಯುತ್ತಿದ್ದರು. ರಕ್ತದಲ್ಲಿ ಸೇರಿದ ಕೊಳಕುಮಂಡಲದ ವಿಷವನ್ನು ಹಿಡಿಯುವುದು ಆಂಟಿವೆನಮ್ ಒಂದೇ. ನಾನಿದ್ದ ಒಂದು ಊರಲ್ಲಿ ಒಬ್ಬ ಅಜ್ಜ ಇದ್ದರು, ಬೇರು ಕೊಡುವವರು. ಎರಡು ಸಲ ಕೂತು ಮಾತಾಡಿದ ಮೇಲೆ ಅವರೇ ಮನೆ ಬಾಗಿಲಲ್ಲಿ ನಿಂತು, ಹಣೆಗೆ ಭಸ್ಮ ಹಚ್ಚಿ, "ಮೊದಲ ದವಾಖಾನಿಗೆ ನಡೀರಿ, ನಾನೂ ಬರ್ತೀನಿ" ಅಂತ ಗಾಡಿ ಹತ್ತುತ್ತಿದ್ದರು. ರೋಗಿಗೂ ಧೈರ್ಯ, ನಮಗೂ ಸಮಯ. ನಿಮ್ಮ ಪಕ್ಕದೂರಿನವರ ಹತ್ತಿರವೂ ಹೀಗೆ ಮಾತಾಡಿ ನೋಡಿ.

ಹಗ್ಗ ಮಾತ್ರ ಬೇಡವೇ ಬೇಡ. ವಿಷವನ್ನು ಹಗ್ಗ ನಿಲ್ಲಿಸುವುದಿಲ್ಲ, ರಕ್ತ ನಿಲ್ಲಿಸುತ್ತದೆ. ಮಂಡಲದ ವಿಷ ಮೊದಲೇ ಮಾಂಸ ಕೊಳೆಸುವ ಜಾತಿ. ಅದನ್ನು ಒಂದೇ ಜಾಗದಲ್ಲಿ ಕಟ್ಟಿಹಾಕಿದರೆ ಕಾಲಿಗೇ ಸಂಚಕಾರ. ಕಟ್ಟಿದ್ದರೆ ಮನೆಯಲ್ಲಿ ಪಟ್ಟನೆ ಬಿಚ್ಚಲೂ ಬೇಡಿ, ಆಸ್ಪತ್ರೆಯಲ್ಲಿ ಎಲ್ಲಾ ತಯಾರಿ ಇಟ್ಟುಕೊಂಡು ನಾವು ಬಿಚ್ಚುತ್ತೇವೆ. ಕೊಯ್ಯುವುದು, ಬಾಯಿಂದ ಹೀರುವುದು, ಮಂಜುಗಡ್ಡೆ, ಖಾರ ತಿನ್ನಿಸಿ ರುಚಿ ನೋಡುವುದು, ಇವು ಯಾವುವೂ ಬೇಡ. ಕಾಲುಂಗುರ, ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆದುಬಿಡಿ, ಬಾವು ಬಂದಮೇಲೆ ಅವು ಕತ್ತರಿಸದೆ ಬರುವುದಿಲ್ಲ. ಕಾಲು ಅಲುಗಾಡದ ಹಾಗೆ ಒಂದು ಕೋಲಿಗೆ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ಅದು ಬರುವುದು ತಡ ಅನಿಸಿದರೆ ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು, ಹಿಂದೆ ಒಬ್ಬರು ಹಿಡಿದುಕೊಂಡು ಹೊರಡಿ. ಹಾವನ್ನು ಹುಡುಕಿ ಕೊಲ್ಲುವುದಕ್ಕೆ ಒಂದು ನಿಮಿಷವೂ ಕೊಡಬೇಡಿ. ಸತ್ತ ಹಾವಿನ ತಲೆಯೂ ಕಚ್ಚುತ್ತದೆ. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬೇಡ. ಹಾವಿನ ಹೆಸರು ಗೊತ್ತಿಲ್ಲದೆಯೂ ಚಿಕಿತ್ಸೆ ನಡೆಯುತ್ತದೆ.

ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ರಾತ್ರಿಯ ಕಥೆ ಹೇಳುತ್ತೇನೆ, ಯಾಕಂದ್ರೆ ನಿಮ್ಮ ತಂದೆಗೆ ಕಚ್ಚಿದ್ದು ಕಣ್ಣಿಗೆ ಕಂಡಿತು, ಕಾಲು ಊದಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಗದಗ ಕಡೆ ಹೆಸರುಕಾಳು ಬಿಡಿಸುವ ಕಾಲ. ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಬೆಳಗಿನ ಜಾವ ಐದಕ್ಕೆ ಮೂವತ್ತರ ಆಸುಪಾಸಿನ ಹೆಣ್ಣುಮಗಳನ್ನು ಹೊಟ್ಟೆನೋವು ಅಂತ ಕರೆತಂದರು. ರಾತ್ರಿ ಉಂಡು, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು. ಹಾವಿನ ಮಾತೇ ಇಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿದೆ. ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತಿತ್ತು, ನನಗೆ ಅದೊಂದೇ ಕೊರೆಯಿತು. "ತಂಗಿ, ಮ್ಯಾಲೆ ಫ್ಯಾನ್ ನೋಡವ್ವಾ" ಅಂದೆ. ನೋಡಿದಳು. ಹಾಗೇ ನೋಡ್ತಾ ಇರು ಅಂದೆ. ಅರ್ಧ ನಿಮಿಷ ಆಗಿರಲಿಲ್ಲ, ಎರಡೂ ರೆಪ್ಪೆ ನಿಧಾನಕ್ಕೆ ಇಳಿಯತೊಡಗಿದವು. ಅವಳು ಎತ್ತಲು ಹಣೆ ಸುಕ್ಕು ಮಾಡುತ್ತಿದ್ದಾಳೆ, ರೆಪ್ಪೆ ಬರುತ್ತಿಲ್ಲ. ಕಟ್ಟುಹಾವು. ಕೆಲವು ಕಡೆ ಕಡಂಬಳ ಅನ್ನುತ್ತಾರೆ. ಇಲಿ, ಹಲ್ಲಿ, ಬೇರೆ ಹಾವು ಹುಡುಕುತ್ತಾ ರಾತ್ರಿ ಮನೆಯೊಳಗೆ ಬರುತ್ತದೆ, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಹಲ್ಲು ಎಷ್ಟು ಸಣ್ಣ ಅಂದರೆ ಗುರುತೂ ಕಾಣದು, ನೋವೂ ಇರದು. ಟಾರ್ಚ್ ಹಾಕಿ ಅವಳ ಮೈಯೆಲ್ಲಾ ಹುಡುಕಿದೆವು, ಏನೂ ಸಿಗಲಿಲ್ಲ.

ಔಷಧ ಶುರು ಮಾಡಿದೆವು. ಆದರೆ ಕಟ್ಟುಹಾವಿನ ವಿಷ ನರದ ತುದಿಯಲ್ಲಿ ಒಳಹೊಕ್ಕು ಕೂತುಬಿಟ್ಟರೆ ಔಷಧ ಅದನ್ನು ಎಬ್ಬಿಸುವುದಿಲ್ಲ. ನಾಗರಹಾವಿನ ಕಡಿತವಾದರೆ ಅಟ್ರೋಪಿನ್ ಜೊತೆ ನಿಯೋಸ್ಟಿಗ್ಮಿನ್ ಅನ್ನುವ ಇಂಜೆಕ್ಷನ್ ಕೊಟ್ಟಾಗ ಎಷ್ಟೋ ಸಲ ಕಣ್ಣೆದುರೇ ರೆಪ್ಪೆ ಏಳುತ್ತದೆ, ಇಲ್ಲಿ ಅದೂ ಅಷ್ಟು ಕೆಲಸ ಮಾಡದು. ಉಳಿದಿರುವುದು ಒಂದೇ, ನರ ತಾನಾಗಿ ಸರಿಯಾಗುವವರೆಗೆ ಉಸಿರು ನಾವು ಕೊಡುವುದು. ಆರೂವರೆಗೆ ಅವಳಿಗೆ ಉಗುಳು ನುಂಗಲು ಆಗಲಿಲ್ಲ. ಗಂಟಲಿಗೆ ಕೊಳವೆ ಹಾಕಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿವರೆಗೆ ಸಿಸ್ಟರ್ ಒಬ್ಬರು ಕೈಯಲ್ಲೇ ಚೀಲ ಒತ್ತುತ್ತಾ ಉಸಿರು ಕೊಟ್ಟರು. ಬಿಟ್ಟರೆ ಜೀವ ಹೋಗುತ್ತಿತ್ತು. ನಾಲ್ಕು ದಿನ ವೆಂಟಿಲೇಟರ್. ಗುಣವಾದಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಆ ದಿನಗಳಲ್ಲಿ ಅವಳಿಗೆ ಎಲ್ಲಾ ಕೇಳಿಸುತ್ತಿತ್ತಂತೆ. "ಇನ್ನಿಲ್ಲ" ಅಂತ ಅತ್ತೆ ಅಳುತ್ತಿದ್ದದ್ದೂ ಕೇಳಿಸಿತ್ತು. ಬೆರಳು ಅಲ್ಲಾಡಿಸಲು ಆಗಿರಲಿಲ್ಲ, ಅಷ್ಟೇ. ಕಟ್ಟುಹಾವು ಕಚ್ಚಿದವರ ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೂ ಸ್ಪಂದಿಸದೆ ನಿಂತಿರಬಹುದು, ಮೈ ಕಟ್ಟಿಗೆಯ ಹಾಗೆ ಬಿದ್ದಿರಬಹುದು, ಆದರೂ ಒಳಗೆ ಪೂರ್ತಿ ಎಚ್ಚರ ಇರುತ್ತದೆ. ಅವರನ್ನು ಸತ್ತರು ಅಂತ ಬಿಟ್ಟುಬಿಡಬೇಡಿ. ಹಾಸಿಗೆ ಪಕ್ಕ ಕೂತು ಅಳಬೇಡಿ, ಮಾತಾಡಿ.

ಇದನ್ನು ಬರೆಯುವಾಗ ನಾಗರಪಂಚಮಿ ನೆನಪಾಗುತ್ತಿದೆ. ಉಂಡಿ ಕಟ್ಟುವ, ಜೋಕಾಲಿ ಆಡುವ ಆ ಶ್ರಾವಣದ ದಿನಗಳೇ ನಮ್ಮ ವಾರ್ಡಿನಲ್ಲಿ ಹಾವಿನ ಕೇಸು ಜಾಸ್ತಿ. ಮಳೆಗೆ ಬಿಲ ತುಂಬಿ ಹಾವು ಹೊರಗೆ ಬರುತ್ತವೆ, ಅದೇ ಹೊತ್ತಿಗೆ ಜನ ಹೊಲದಲ್ಲಿರುತ್ತಾರೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜು, ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಎಲ್ಲಿ ಎಷ್ಟು ಕೇಸು ಬರುತ್ತವೆ ಅಂತ ಗೊತ್ತಾದರೆ ತಾನೇ ಅಲ್ಲಿಗೆ ಬಾಟಲಿ ಕಳಿಸುವುದು? ನಾವು ಬಹಳ ವರ್ಷ ಕಾದಿದ್ದ ಹೆಜ್ಜೆ ಇದು.

ಹುಬ್ಬಳ್ಳಿಗೇ ನೇರ ಹೋಗಬೇಕಿತ್ತಾ ಅಂತ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ ಜನ. ಬೇಡ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್. ಬಂಕಾಪುರ, ಶಿಗ್ಗಾವಿ ದಾಟುವಷ್ಟರಲ್ಲಿ ವಿಷ ತನ್ನ ಕೆಲಸ ಮಾಡಿಬಿಡುತ್ತದೆ. ಆಂಟಿವೆನಮ್ ಇರುವ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸು ಬೀಳಲಿ, ಡಯಾಲಿಸಿಸ್, ವೆಂಟಿಲೇಟರ್ ಬೇಕಾದರೆ ಆಮೇಲೆ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ದೊಡ್ಡ ಸರಕಾರಿ ಆಸ್ಪತ್ರೆ. ನಿಮ್ಮ ಅಪ್ಪನ ವಿಷಯದಲ್ಲಿ ಆ ಡಾಕ್ಟರು ಮಾಡಿದ್ದು ಇದನ್ನೇ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧ ಇರುತ್ತದೆ ಅಂತ ಇವತ್ತೇ, ಏನೂ ಆಗದೆ ಇರುವಾಗಲೇ, ಹೋಗಿ ಕೇಳಿಕೊಂಡು ಬನ್ನಿ. ಆಶಾ ಕಾರ್ಯಕರ್ತೆಯವರನ್ನು ಕೇಳಿದರೂ ಆಗುತ್ತದೆ.

ಅಪ್ಪನ ಕಿಡ್ನಿ ಬಗ್ಗೆ ಭಯ ಬೇಡ, ಆದರೆ ಉಪೇಕ್ಷೆಯೂ ಬೇಡ. ಮೂತ್ರ ಚೆನ್ನಾಗಿ ಆಗುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಕೊರತೆ ಉಳಿಯುತ್ತದೆ. ಕ್ರಿಯೇಟಿನಿನ್ ಸರಿಯಾಯಿತು ಅಂತ ಡಾಕ್ಟರು ಹೇಳುವವರೆಗೆ ತೋರಿಸುತ್ತಾ ಇರಿ, ಆಮೇಲೂ ವರ್ಷಕ್ಕೊಮ್ಮೆ ಬಿಪಿ, ಮೂತ್ರ ನೋಡಿಸಿ. ಹೊಲಕ್ಕೆ ವಾಪಸ್ ಹೋಗುವುದಾದರೆ ಮೊಣಕಾಲ ತನಕ ಬರುವ ಗಂಬೂಟು ತಂದುಕೊಡಿ. ಕತ್ತಲಾದ ಮೇಲೆ ಕೈಯಲ್ಲಿ ಬ್ಯಾಟರಿ ಇರಲಿ. ಬಣವೆಯಿಂದ ಕಣಿಕೆ ಎಳೆಯುವ ಮೊದಲು ಕೋಲಿನಿಂದ ಬಡಿದು ಎಳೆಯಲಿ. ಮನೆಯಲ್ಲಿ ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಲಿ, ಕಟ್ಟುಹಾವಿಗೆ ಇಷ್ಟು ಅಗ್ಗದ, ಇಷ್ಟು ಒಳ್ಳೆಯ ತಡೆ ಇನ್ನೊಂದಿಲ್ಲ. ಮತ್ತೆ ಎಂದಾದರೂ ಕಚ್ಚಿದರೆ ಮತ್ತೆ ಔಷಧ ಕೊಡಬಹುದು. ಮೊದಲು 20 ಬಾಟಲಿ ತೆಗೆದುಕೊಂಡಿದ್ದರು, ಆಮೇಲೆ ಹೀಗೆ ಕೆರೆತ ಬಂದಿತ್ತು ಅಂತ ಡಾಕ್ಟರಿಗೆ ಹೇಳಿ, ಅವರು ತಯಾರಾಗಿರುತ್ತಾರೆ.

ಚೇಳಿನ ವಿಷಯ ಬೇರೆ. ಹಾವಿನ ಇಂಜೆಕ್ಷನ್ ಚೇಳಿಗೆ ಒಂದಿಷ್ಟೂ ಕೆಲಸ ಮಾಡುವುದಿಲ್ಲ. ನಮ್ಮ ಕಡೆ ಹೆದರಬೇಕಾದದ್ದು ಕೆಂಪು ಚೇಳಿಗೆ, ಅದೂ ಮಕ್ಕಳ ವಿಷಯದಲ್ಲಿ. ಅದರ ವಿಷ ಮೈಯ ನರಗಳನ್ನೆಲ್ಲಾ ಒಂದೇ ಸಲ ಕೆರಳಿಸಿ, ರಕ್ತನಾಳ ಬಿಗಿಸಿ, ಹೃದಯದ ಮೇಲೆ ತಡೆಯಲಾರದಷ್ಟು ಭಾರ ಹಾಕುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ ಇದರ ಹಿಂದೆ ಬಿದ್ದು, ಬಿಪಿಗೆ ಕೊಡುವ ಪ್ರಾಜೋಸಿನ್ ಅನ್ನುವ ಸಾದಾ ಮಾತ್ರೆ ಈ ಬಿಗಿತ ಬಿಡಿಸುತ್ತದೆ ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಬಿಟ್ಟು ಸಣ್ಣ ಊರಲ್ಲಿ ಕೂತು ಇದನ್ನು ಮಾಡಿದರು ಅನ್ನುವುದು ನನ್ನಂಥವರಿಗೆ ದೊಡ್ಡ ಬಲ. ಈ ಮಾತ್ರೆಯನ್ನು ತೂಕದ ಲೆಕ್ಕದಲ್ಲಿ, ಬಿಪಿ ನೋಡುತ್ತಾ, ಮಲಗಿಸಿಕೊಂಡೇ ಕೊಡಬೇಕು, ಮನೆಯಲ್ಲಿ ಅಲ್ಲ.

ಮಗಳಿಗೆ ಯಾವತ್ತಾದರೂ ಚೇಳು ಕಡಿದರೆ ಅವಳು ಎಷ್ಟು ಜೋರಾಗಿ ಅಳುತ್ತಾಳೆ ಅನ್ನುವುದಕ್ಕಿಂತ ಕೈಕಾಲು ಮುಟ್ಟಿ ನೋಡಿ. ಕಡಿದ ಜಾಗದಲ್ಲಿ ಉರಿ ಇದೆ, ಕೈಕಾಲು ಬೆಚ್ಚಗಿವೆ ಅಂದರೆ ಅರ್ಧ ಭಯ ಬಿಡಬಹುದು, ಆದರೂ ಮೂರು ವರ್ಷದ ಮಗು, ಆಸ್ಪತ್ರೆಯಲ್ಲೇ ಕೆಲವು ತಾಸು ಇಟ್ಟುಕೊಂಡು ನೋಡಬೇಕು. ನೋವು ಕಮ್ಮಿಯಾದ ಹಾಗೆ ಕಂಡು, ಮೈ ಬೆವರಿ, ವಾಂತಿಯಾಗಿ, ಅಂಗೈ ಅಂಗಾಲು ತಣ್ಣಗಾದರೆ ಅದು ವಿಷ ಏರಿದ ಗುರುತು. ಆಗ ಮಗು ಸುಮ್ಮನಾಯಿತು ಅಂತ ಮಲಗಿಸಬೇಡಿ, ಬೆಳಗಾಗುವವರೆಗೆ ಕಾಯಬೇಡಿ, ಎತ್ತಿಕೊಂಡು ಹೊರಡಿ.